ಸ್ಮೂದಿಗೆ ಬೆರೆಸಿದ ನೀರು

ಮಾರ್ಚ್ ೧೪, ಗುರುವಾರ
ಆಸ್ಪತ್ರೆಯ ಕಿಟಕಿ ಪಕ್ಕದ ಬೆಂಚಿನಿಂದ

ನನ್ನ ಗುಬ್ಬಿಗೆ,

ನಿನ್ನ ಮಾವನ ಮನಸ್ಸು ತುಂಬಿದ ಆಶೀರ್ವಾದ. ಉತ್ತರ ತಡವಾಯಿತು, ಬೈಯಬೇಡ. ಇಷ್ಟು ಬರೆಯುವುದರೊಳಗೆ ಎದ್ದೆದ್ದು ವಾರ್ಡಿನ ಬಾಗಿಲಿಗೆ ಹೋಗಿ ಬಂದೆ. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು ಅನ್ನಿಸುತ್ತಿದೆ. ಕಾವಲುಗಾರ, "ಯಜಮಾನ್ರೇ, ನೆಲ ಸವೆದ್ರೆ ನಿಮ್ಮ ಹತ್ರಾನೇ ವಸೂಲಿ" ಅಂದ. ಮಿಕ್ಸಿ ರಿಪೇರಿ ಮಾಡುವ ಕೈಕಾಲು ಕಣಯ್ಯಾ, ಸುಮ್ಮನಿರಲು ಕಲಿತಿಲ್ಲ ಎಂದೆ.

ಕಿಡ್ನಿ ಸೋತಿರುವ ಅತ್ತೆಗೆ ಹಣ್ಣಿನ ಸ್ಮೂದಿ ಕೊಡಬಹುದೇ ಎಂದು ನೀನು ಕೇಳಿದ್ದೆ. ಸರಿಯಾದವನನ್ನೇ ಕೇಳಿದ್ದೀಯ. ಹಳ್ಳಿ ಶಾಲೆಯಲ್ಲಿ ಮಗ್ಗಿಗೇ ತೊದಲುತ್ತಿದ್ದ ನಾನು ಆಹಾರ ತಜ್ಞೆ ಮೇಡಂ ಮುಂದೆ ಪಟಪಟನೆ ಪಾಠ ಒಪ್ಪಿಸಿದ್ದೇನೆ: ಬಾಳೆಹಣ್ಣು, ಕಿತ್ತಳೆ, ಎಳನೀರು ಬೇಡ, ಪೊಟ್ಯಾಸಿಯಂ ಜಾಸ್ತಿ. ಸೇಬು, ಅನಾನಸ್ ಸ್ವಲ್ಪ ಆಗಬಹುದು, ಅದೂ ರಕ್ತದ ರಿಪೋರ್ಟು ನೋಡಿಕೊಂಡು. ಅರ್ಧ ಲೋಟ ಮೀರಬಾರದು. ಆ ಅರ್ಧ ಲೋಟವೂ ದಿನಕ್ಕೆ ಕುಡಿಯುವ ನೀರಿನ ಲೆಕ್ಕಕ್ಕೇ ಸೇರಬೇಕು. ನಿನ್ನ ಅತ್ತೆಗೆ ಮೇಡಂ ಒಪ್ಪಿದರು. ಗುಜರಿಗೆ ಹೋಗಬೇಕಿದ್ದ ಮಿಕ್ಸಿಗೆ ಜೀವ ಕೊಟ್ಟು ಸೇಬು ರುಬ್ಬಿದೆ ನೋಡು, ತುಟಿಯ ಮೇಲೆ ಮೀಸೆ ಮೂಡುವಂತೆ ಕುಡಿದಳು. ಉಪ್ಪಿಲ್ಲದ ತಟ್ಟೆ ಕಂಡರೆ ಮುಖ ತಿರುಗಿಸುತ್ತಿದ್ದವಳು ಆ ಲೋಟ ಕಂಡರೆ ನಗುತ್ತಿದ್ದಳು. ನಾನು ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಸೋಮವಾರ ಅವಳ ಕಾಲಲ್ಲಿ ಶಕ್ತಿಯೇ ಇಲ್ಲದಂತಾಯಿತು, ಎದೆಬಡಿತ ಏರುಪೇರಾಯಿತು. ಎತ್ತಿಕೊಂಡು ಬಂದೆ. ಪೊಟ್ಯಾಸಿಯಂ ವಿಪರೀತ ಏರಿದೆ ಎಂದರು. ಮೇಡಂ ಮಂಚದ ಪಕ್ಕ ಕೂತು ತಿಂದದ್ದು ಕುಡಿದದ್ದು ಎಲ್ಲ ಕೆದಕಿ ಕೇಳಿದರು. ತರಕಾರಿ ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ನೀವು ಹೇಳಿದ ಹಾಗೆ ನೀರು ಬಸಿದೇ ಬಡಿಸಿದ್ದೇನೆ ಎಂದೆ. ಸ್ಮೂದಿಗೆ ಏನೇನು ಹಾಕುತ್ತೀರಿ ಎಂದರು. ಎದೆ ಉಬ್ಬಿಸಿಕೊಂಡೇ ಹೇಳಿದೆ ನಾನು:

"ಸೇಬು, ಆಮೇಲೆ ಆ ತರಕಾರಿ ಬಸಿದ ನೀರು. ಸತ್ವ ಎಲ್ಲಾ ಅದ್ರಲ್ಲೇ ಅಲ್ವೇನಮ್ಮಾ, ಚೆಲ್ಲೋಕೆ ಮನಸ್ಸು ಬರ್ಲಿಲ್ಲ."

ಮೇಡಂ ಪೆನ್ನು ಕೆಳಗಿಟ್ಟರು. "ಚೆಲ್ಲಿ ಅಂದಿದ್ದೇ ಅದಕ್ಕೆ ಯಜಮಾನ್ರೇ. ತರಕಾರೀಲಿರೋ ಪೊಟ್ಯಾಸಿಯಂ ಇಳಿಯೋದು ಆ ನೀರಿಗೇ."

ನಿನ್ನ ಅತ್ತೆ ಕಣ್ಣು ಮುಚ್ಚಿ ಮಲಗಿದ್ದಳು. ನಿದ್ದೆ ಬಂದಿರಲಿಲ್ಲ ಅಂತ ನನಗೆ ಗೊತ್ತು.

ಗಾಬರಿಯಾಗಬೇಡ. ಈಗ ಇಳಿದಿದೆ, ನಾಳಿದ್ದು ಮನೆಗೆ ಕಳಿಸುತ್ತಾರಂತೆ. ನಿನ್ನ ಅಮ್ಮನಿಗೆ ಮಾತ್ರ ಈ ನೀರಿನ ಕಥೆ ಹೇಳಬೇಡ; ನನ್ನ ಅಕ್ಕ ಅದನ್ನೇ ವರ್ಷಗಟ್ಟಲೆ ಆಡಿಕೊಂಡು ನಗುತ್ತಾಳೆ. ಹಿಡಿದ ಕೆಲಸ ನಿನ್ನ ಕೈ ಹತ್ತಲಿ, ಮೈ ಗಟ್ಟಿಯಿರಲಿ.

ಇಡೀ ಬೀದಿಗೆ ಒಬ್ಬನೇ ಮೆಕ್ಯಾನಿಕ್ ಆದ,
ನಿನ್ನ ಮಾವ

ತಾ.ಕ.: ರಜೆ ಸಿಕ್ಕರೆ ಬೇಗ ಬಾ. ಬೆಳಿಗ್ಗೆ ನಿನ್ನ ಅತ್ತೆಗೆ ಮಾತ್ರೆಗೆಂದು ನೀರು ಹಿಡಿದೆ. "ಅಲ್ಲಿಡಿ, ನರ್ಸ್ ಕೊಡ್ತಾಳೆ" ಎಂದಳು. ಬೈದಿದ್ದರೆ ನಾನೂ ಏನಾದರೂ ಅಂದು ನಗಿಸುತ್ತಿದ್ದೆ, ಗುಬ್ಬಿ. ಮೆತ್ತಗೆ ಹೇಳಿದಳು. ಲೋಟ ಹಿಡಿದುಕೊಂಡೇ ನಿಂತಿದ್ದೆ. ನರ್ಸ್ ಬಂದು ನನ್ನ ಕೈಯಿಂದ ಅದೇ ಲೋಟ ತೆಗೆದುಕೊಂಡು ಅವಳಿಗೆ ಕೊಟ್ಟಳು. ಕುಡಿದಳು.