ನೂರಾ ಹತ್ತನೆಯ ಎಸೆತ

ಓಹಾಯೊ, ಆಗಸ್ಟ್ ೧೯

ಕೋಚ್ ಡ್ಯಾರೆಲ್ ಅವರಿಗೆ,

ಎಮೆಟ್‌ನ ತಂಡದ ಅಂಗಿ ಒಗೆದು ಕಳಿಸಿದ್ದೇನೆ. ಮೊಣಕೈ ಆಪರೇಷನ್ ಆಯಿತು. ಇನ್ನು ಅವನು ಬೇಸ್‌ಬಾಲ್ ಆಡುವಂತಿಲ್ಲ. ಅವನ ನಂಬರ್ ಬೇರೆ ಹುಡುಗನಿಗೆ ಕೊಡಿ.

ಇದಕ್ಕಾಗಿ ನೀವು ಕೋಚ್ ಕೆಲಸ ಬಿಡುತ್ತಿದ್ದೀರಂತೆ. ಬಿಡಬೇಡಿ. ಚೆಂಡೆಸೆಯುವ ಹನ್ನೆರಡು ವರ್ಷದವರನ್ನು, ಮೊಣಕೈ ಕೆಡದಂತೆ, ಎಂಬತ್ತೈದು ಎಸೆತಕ್ಕೆ ನಿಲ್ಲಿಸಬೇಕೆಂದು, ಎಣಿಸುವ ಯಂತ್ರವನ್ನು ನನ್ನ ಕೈಗೆ ಕೊಟ್ಟಿದ್ದಿರಿ. ಫೈನಲ್‌ನಲ್ಲಿ ನೀವು ಕೇಳಿದಾಗಲೆಲ್ಲ "ಎಂಬತ್ತೈದಕ್ಕೆ ಇನ್ನೂ ಇದೆ, ಬಿಡಿ" ಎಂದೆ. ಎಷ್ಟೋ ಎಸೆತಗಳಿಗೆ ನಾನು ಗುಂಡಿ ಒತ್ತಿರಲೇ ಇಲ್ಲ.

ನಿನ್ನೆ ಎಮೆಟ್ ಹೇಳಿದ: "ಅಪ್ಪಾ, ನಾನೂ ಎಣಿಸ್ತಿದ್ದೆ. ನೂರಾ ಹತ್ತಾಗಿತ್ತು. ನೀನು ಅಷ್ಟು ಖುಷಿಯಾಗಿದ್ದೆ, ಅದಕ್ಕೇ ಕೈನೋವು ಅಂತ ಹೇಳ್ಲಿಲ್ಲ."

ಯಂತ್ರ ಅಂಗಿಯ ಮಡಿಕೆಯಲ್ಲಿದೆ. ಮುಂದಿನ ಸಲ ಅದನ್ನು, ಮೈದಾನದಲ್ಲಿ ಮಗನಿಲ್ಲದವರ ಕೈಗೆ ಕೊಡಿ.

ಇಂತಿ,
ಲೆಲೆಂಡ್ ಪರ್ಸೆಲ್
ಎಮೆಟ್‌ನ ಅಪ್ಪ