ಕೋಮಲಳ ಅಂಗಡಿಯ ಬೋರ್ಡು

ರಾಜೇಂದ್ರ,

ನೀನು ತೀರಿಕೊಂಡು ಮೂರು ವರ್ಷವಾಯಿತು. ಇವತ್ತು ನಿನ್ನ ಮಗಳು ಕೋಮಲ ನಂಜನಗೂಡಿನ ನನ್ನ ಫ್ಲೆಕ್ಸ್ ಬೋರ್ಡಿನ ಅಂಗಡಿಗೆ ಬಂದಿದ್ದಳು ಕಣೋ. ಹೆಮ್ಮರಗಾಲದಲ್ಲಿ ಟೈಲರಿಂಗ್ ಅಂಗಡಿ ತೆಗೆಯುತ್ತಾಳಂತೆ. ಅವಳ ಸ್ಕೂಲಿನ ಟ್ರಂಕಿನ ಮೇಲೆ ನೀನು ಬರೆದುಕೊಟ್ಟ ಹೆಸರಿನ ಫೋಟೊ ಮೊಬೈಲಿನಲ್ಲಿತ್ತು. "ಬೋರ್ಡಿಗೂ ಅಪ್ಪನ ಅಕ್ಷರಾನೇ ಬೇಕು ಮಾಮ" ಅಂದಳು.

ಆ ಪುಟ್ಟ ಫೋಟೊವನ್ನು ಎಂಟಡಿಗೆ ಹಿಗ್ಗಿಸಿದರೆ ಅಕ್ಷರವೆಲ್ಲ ಚೌಕಚೌಕವಾಗಿ ಒಡೆದುಹೋಯಿತು. ಎಷ್ಟು ದೊಡ್ಡದು ಮಾಡಿದರೂ ಒಡೆಯದ ಹಾಗೆ ವೆಕ್ಟರ್ ಮಾಡಬೇಕಿತ್ತು. ಕಂಪ್ಯೂಟರಿಗೇ ಬಿಟ್ಟರೆ, ನೀನು ತೆಳ್ಳಗೆ ಎಳೆದಿದ್ದ 'ಕೋ'ದ ದೀರ್ಘವನ್ನು ಕಲೆ ಅಂದುಕೊಂಡು ಅಳಿಸಿಬಿಟ್ಟಿತು. ಕೊನೆಗೆ ನಾನೇ ಮೌಸ್ ಹಿಡಿದು, ನಿನ್ನ ಬ್ರಷ್ ಹೋದ ದಾರಿಯಲ್ಲೇ ಒಂದೊಂದು ಚುಕ್ಕಿ ಇಟ್ಟು ಗೆರೆ ಬಗ್ಗಿಸುತ್ತಾ ಹೋದೆ. ಮಧ್ಯಾಹ್ನದವರೆಗೂ ಹಿಡಿಯಿತು.

"ನರಸೀಪುರದಲ್ಲಿ ನೀವಿಬ್ರೂ ಒಟ್ಟಿಗೇ ಬೋರ್ಡ್ ಬರೀತಿದ್ರಂತೆ, ಯಾಕೆ ಬಿಟ್ರಿ?" ಅಂತ ಕೇಳಿದಳು.

"ಕಂಪ್ಯೂಟರ್ ಬಂತಲ್ಲವ್ವ" ಅಂದೆ.

ನಾನು ಈ ಅಂಗಡಿ ತೆಗೆದ ವರ್ಷ, ನನಗೂ ಕಂಪ್ಯೂಟರ್ ಕೆಲಸ ಕಲಿಸು ಅಂತ ಕೇಳಿಕೊಂಡು ನೀನು ಬಂದಿದ್ದೆ. ನಾನು ಒಳಗೇ ಕೂತಿದ್ದುಕೊಂಡು, ಊರಲ್ಲಿಲ್ಲ ಅಂತ ಅಂಗಡಿ ಹುಡುಗನ ಕೈಲಿ ಹೇಳಿಸಿದೆ. ಆಮೇಲೆ ನೀನು ತಾಂಡ್ಯದ ಫ್ಯಾಕ್ಟರಿ ಸೇರಿದೆ. ಇದನ್ನು ಅವಳಿಗೆ ಹೇಳಲಾಗಲಿಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತು ಅವಳೇ ಅಂದಳು, "'ಅವತ್ತು ನಾಗೇಂದ್ರ ಊರಲ್ಲಿದ್ದಿದ್ರೆ ನಂಗೂ ಕಲಿಸ್ತಿದ್ದ' ಅಂತ ಅಪ್ಪ ಕೊನೇವರೆಗೂ ಹೇಳ್ತಿದ್ರು, ಮಾಮ."

— ನಾಗೇಂದ್ರ