ಎರಡು ಬ್ಯಾಟರಿ ಸೇರಿಸಿದ್ದು ನಾನು

ಅಕ್ಕಾ,

ಭಾವನ ಇನ್ಸುಲಿನ್ ತರಲು ಪೇಟೆಗೆ ಹೋಗುತ್ತಿದ್ದೇನೆ. ಫ್ರಿಜ್ಜಿನಲ್ಲಿರುವುದನ್ನು ಅವರಿಗೆ ಚುಚ್ಚಬೇಡ. ಅದು ಬಿಸಿಯಾಗಿ ಕೆಟ್ಟಿದೆ.

ಫ್ಯಾನ್ ಹಾಕಿಕೊಂಡು ಮಲಗಿ ಬ್ಯಾಟರಿ ಖಾಲಿ ಮಾಡಿದರೆಂದು ನಿನ್ನೆ ಭಾವನಿಗೆ ಬೈದೆಯಲ್ಲ, ಅದು ಅವರ ತಪ್ಪಲ್ಲ. ನಮ್ಮ ಈ ಚಕ್ರದ ಮನೆ ಓಡುವಾಗ ಎಂಜಿನ್ನಿನ ಆಲ್ಟರ್ನೇಟರ್ ಮನೆಯ ಬ್ಯಾಟರಿಯನ್ನೂ ಚಾರ್ಜ್ ಮಾಡುತ್ತದೆ. ಗಾಡಿ ನಿಂತ ಕೂಡಲೇ ನಡುವಿನ ರಿಲೇ ಎರಡು ಬ್ಯಾಟರಿಗಳನ್ನೂ ಬೇರೆ ಮಾಡುತ್ತದೆ. ಬೇಗ ಚಾರ್ಜ್ ಆಗಲಿ ಎಂದು ನಾನು ಎಲ್ಲ ಬಲ್ಲವನ ಹಾಗೆ ಆ ರಿಲೇ ಕಿತ್ತು ನೇರವಾಗಿ ವೈರ್ ಎಳೆದಿದ್ದೆ. ಫ್ರಿಜ್ಜು ಮನೆಯ ಬ್ಯಾಟರಿಯ ಜೊತೆಗೆ ಎಂಜಿನ್ನಿನದ್ದನ್ನೂ ಹೀರಿಬಿಟ್ಟಿತು. ನೀನು ಬೈಯುವಾಗ ನಾನು ಬಾಯಿಗೆ ಬೀಗ ಹಾಕಿಕೊಂಡು ಚಹಾ ಕುಡಿಯುತ್ತ ಕೂತಿದ್ದೆ.

ಬೆಳಿಗ್ಗೆ ಕಳ್ಳನ ಹಾಗೆ ವೈರ್ ಬಿಚ್ಚಲು ಹೋದರೆ, ಭಾವ ಆಗಲೇ ಸೀಟಿನ ಕೆಳಗಿನ ಆ ವೈರಿಗೆ ಕೈ ಹಾಕಿ ಕೂತಿದ್ದರು.

"ನಿನ್ನೆನೇ ಇದನ್ನ ನೋಡ್ದೆ ಕಣೋ. ಅವಳಿಗೆ ಹೇಳ್ಬೇಡ ಬಿಡು, ಬೈಸ್ಕೊಂಡು ನನಗೆ ಅಭ್ಯಾಸ ಇದೆ" ಅಂದರು. ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ರಿಲೇಯನ್ನು ಮೊದಲಿನಂತೆ ಕೂರಿಸಿದ್ದೇನೆ. ಪಕ್ಕದ ಲಾರಿ ಡ್ರೈವರಣ್ಣ ತನ್ನ ಬ್ಯಾಟರಿಯಿಂದ ಗಾಡಿ ಸ್ಟಾರ್ಟ್ ಮಾಡಿಕೊಡುತ್ತಾನೆ. ಆಮೇಲೆ ನಾನು ಬರುವವರೆಗೆ ಎಂಜಿನ್ ಆಫ್ ಮಾಡಬೇಡ. ಫ್ರಿಜ್ಜು ತಣ್ಣಗಾಗಿರಲಿ.

ನನಗೆ ಬೈಯುವುದನ್ನು ಸಂಜೆಗೆ ಇಟ್ಟುಕೋ. ಈಗ ಹೋಗಿ ಭಾವನ ಹತ್ತಿರ ಒಂದು ಮಾತಾಡು. ನೀನು ಮಾತು ಬಿಟ್ಟಾಗಿನಿಂದ ಅವರಿಗೆ ತುತ್ತು ಗಂಟಲಲ್ಲಿ ಇಳಿದಿಲ್ಲ.

ನಿನ್ನ ತಮ್ಮ